‘ಇದು ಏನು?’ ಎಂದು ಕೇಳುವ ಮೊದಲು
ಅಮೂರ್ತ ಶಿಲ್ಪ ಮತ್ತು ಶಿಲ್ಪಿ ಬಾಲನ್ ನಂಬಿಯಾರ್



ಉದ್ಯಾನದಲ್ಲೋ ಕಾರ್ಖಾನೆಯ ಅಂಗಳದಲ್ಲೋ ಕಲಾಗ್ಯಾಲರಿಯ ಹುಲ್ಲುಹಾಸಿನ ಮೇಲೋ ದೊಡ್ಡದೊಂದು ಉಕ್ಕಿನ ಶಿಲ್ಪ ನಿಂತಿರುತ್ತದೆ. ಅದನ್ನು ನೋಡಿದ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ಒಂದೇ: “ಇದು ಏನು?” ಗಾಂಧೀಜಿಯವರ ಪ್ರತಿಮೆಯ ಮುಂದೆ ಈ ಪ್ರಶ್ನೆ ಏಳುವುದಿಲ್ಲ. ಕುದುರೆ ಏರಿ ಕುಳಿತ ವೀರನ ಪ್ರತಿಮೆಯ ಮುಂದೆಯೂ ಏಳುವುದಿಲ್ಲ. ಅವು ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುತ್ತವೆ. ಆದರೆ ಮುಖವಿಲ್ಲದ, ಕೈಕಾಲಿಲ್ಲದ, ಯಾವುದನ್ನೂ ಹೋಲದ ಶಿಲ್ಪ ನಮ್ಮನ್ನು ಕಕ್ಕಾಬಿಕ್ಕಿ ಮಾಡುತ್ತದೆ. ಉತ್ತರ ಸಿಗದಿದ್ದಾಗ “ಇದೆಲ್ಲ ನಮಗೆ ಅರ್ಥವಾಗುವುದಲ್ಲ” ಎಂದು ಮುಂದೆ ಹೋಗಿಬಿಡುತ್ತೇವೆ.

ಹೀಗೆ ಹೋಗಿಬಿಡುವುದರಿಂದ ನಷ್ಟವಾಗುವುದು ನಮಗೆ. ನಮ್ಮ ಕಣ್ಣಿಗೆ ಈಗಾಗಲೇ ಇರುವ ಒಂದು ಶಕ್ತಿಯನ್ನು ನಾವೇ ಇಲ್ಲವೆಂದು ತಿಳಿದುಕೊಂಡಂತಾಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ವಿದ್ಯಾರ್ಥಿಗಳಿಗಂತೂ ಅಮೂರ್ತ ಶಿಲ್ಪ ಅಪರಿಚಿತವೆಂದು ಹೇಳಲು ಕಾರಣವೇ ಇಲ್ಲ. ಹೇಗೆಂಬುದನ್ನು ಮೊದಲು ನೋಡೋಣ. ಆಮೇಲೆ ನಮ್ಮ ರಾಜ್ಯದಲ್ಲಿ ನೆಲೆಸಿ ಕೆಲಸ ಮಾಡಿದ ಬಾಲನ್ ನಂಬಿಯಾರ್ ಅವರ ಬದುಕನ್ನೂ ಕೃತಿಗಳನ್ನೂ ಪರಿಚಯ ಮಾಡಿಕೊಳ್ಳೋಣ.

ಪದವೇ ತಂದೊಡ್ಡುವ ತೊಡಕು

‘ಅಮೂರ್ತ’ ಎಂದರೆ ಆಕಾರವಿಲ್ಲದ್ದು ಎಂಬುದು ನಿಘಂಟಿನ ಅರ್ಥ. ಆದರೆ ಶಿಲ್ಪಕ್ಕೆ ಆಕಾರವಿಲ್ಲದೆ ಇರುವುದು ಹೇಗೆ? ಅದಕ್ಕೆ ಉದ್ದ, ಅಗಲ, ಎತ್ತರ ಇವೆ, ತೂಕ ಇದೆ, ಬಿಸಿಲಿಗೆ ನೆರಳು ಬೀಳುತ್ತದೆ, ಎಡವಿದರೆ ಕಾಲಿಗೆ ಪೆಟ್ಟಾಗುತ್ತದೆ. ಹಾಗಾದರೆ ಇಲ್ಲದಿರುವುದು ಯಾವುದು? ಹೋಲಿಕೆ. ಹೊರಗಿನ ಪ್ರಪಂಚದ ಇನ್ನೊಂದು ವಸ್ತುವಿನ ಪಡಿಯಚ್ಚಾಗಿರಬೇಕೆಂಬ ಹಂಗನ್ನು ಶಿಲ್ಪಿ ಬಿಟ್ಟಿದ್ದಾನೆ, ಅಷ್ಟೆ. ಆದ್ದರಿಂದ ಈ ಲೇಖನದಲ್ಲಿ ‘ಅಮೂರ್ತ’ ಎಂಬ ಪದ ಬಂದಾಗಲೆಲ್ಲ ‘ಹೋಲಿಕೆ ಬಿಟ್ಟ ರೂಪ’ ಎಂದು ಓದಿಕೊಳ್ಳಿ. ಅರ್ಧ ತೊಡಕು ಅಲ್ಲೇ ಬಿಡಿಸಿಕೊಳ್ಳುತ್ತದೆ.

ಇಂಥ ರೂಪಗಳು ನಿಮ್ಮ ಮನೆಯಂಗಳದಲ್ಲೇ ಇವೆ. ಚುಕ್ಕಿ ಇಟ್ಟು ಎಳೆ ಎಳೆದ ರಂಗೋಲಿಯ ಮುಂದೆ ನಿಂತು “ಇದು ಏನು?” ಎಂದು ಯಾರೂ ಕೇಳುವುದಿಲ್ಲ. ಎಳೆ ಸರಾಗವಾಗಿ ಹರಿದಿದೆಯೇ, ಎಡಬಲಗಳು ಸಮನಾಗಿವೆಯೇ, ಹೊರಟಲ್ಲಿಗೆ ಬಂದು ಸೇರಿದೆಯೇ ಎಂದು ನೋಡುತ್ತಾರೆ. ಹಳೆಯ ಮೈಸೂರಿನ ಅನೇಕ ಹಳ್ಳಿಗಳಲ್ಲಿ ಊರ ನಡುವೆ ನೆಟ್ಟಿರುವ ಕರುಗಲ್ಲನ್ನು ನೆನೆದುಕೊಳ್ಳಿ. ಅದಕ್ಕೆ ಮುಖವಿಲ್ಲ, ಕೆತ್ತನೆಯಿಲ್ಲ. ಆದರೂ ಊರಿನವರಿಗೆ ಅದು ಬರಿಯ ಕಲ್ಲಲ್ಲ. ಊರು ಹುಟ್ಟಿದ ಗುರುತು. ಶಿವಲಿಂಗವೂ ಯಾವುದೋ ಮುಖವನ್ನು ತೋರಿಸುವ ರೂಪವಲ್ಲ. ಹೋಲಿಕೆಯಿಲ್ಲದ ರೂಪಕ್ಕೆ ಕೈಮುಗಿಯುವುದು ಗೊತ್ತಿರುವ ಜನಕ್ಕೆ ಹೋಲಿಕೆಯಿಲ್ಲದ ರೂಪವನ್ನು ನೋಡುವುದು ಕಷ್ಟವಾಗಬೇಕಿಲ್ಲ.

ರುದ್ರಪಟ್ಟಣ ಕಲಿಸುವ ಪಾಠ

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಯ ಮೇಲೆ ರುದ್ರಪಟ್ಟಣ ಎಂಬ ಊರಿದೆ. ಕರ್ನಾಟಕ ಸಂಗೀತಕ್ಕೆ ಸಾಲು ಸಾಲು ವಿದ್ವಾಂಸರನ್ನು ಕೊಟ್ಟ ಊರು ಅದು. ಆರ್.ಕೆ. ಶ್ರೀಕಂಠನ್ (1920–2014) ಹುಟ್ಟಿದ್ದು ಅಲ್ಲಿ. ‘ರುದ್ರಪಟ್ಟಣಂ ಸಹೋದರರು’ ಎಂದು ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ಆ ಊರಿನ ಹೆಸರನ್ನೇ ಹೊತ್ತವರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಧ್ಯಾನಮಂದಿರವನ್ನು ಕಟ್ಟಿಸಿದ್ದಾರೆ.

ಈಗ ಯೋಚಿಸಿ. ಆ ಕಟ್ಟಡವನ್ನು ನೋಡಿದ ಚಿಕ್ಕ ಮಗುವೂ “ತಂಬೂರಿ!” ಎನ್ನುತ್ತದೆ. ಅದು ಹೋಲಿಕೆಯ ರೂಪ. ಆದರೆ ಅದರೊಳಗೆ ಕುಳಿತು ವಿದ್ವಾಂಸರೊಬ್ಬರು ತೋಡಿಯ ಆಲಾಪನೆ ಮಾಡಿದರೆ ಆ ಆಲಾಪನೆ ಏನನ್ನು ಹೋಲುತ್ತದೆ? ಯಾವ ಹಕ್ಕಿಯ ಕೂಗನ್ನೂ ಅದು ಅನುಕರಿಸುವುದಿಲ್ಲ. ಮಾತಿಲ್ಲ, ಕಥೆಯಿಲ್ಲ. ಆದರೂ ಕೇಳುವವರು ತಲೆದೂಗುತ್ತಾರೆ. ಸ್ವರವೊಂದು ಸ್ಥಾನ ತಪ್ಪಿದರೆ ಮುಖ ಸಿಂಡರಿಸುತ್ತಾರೆ. ಏರಿಳಿತ, ತಡೆದು ನಿಲ್ಲುವುದು, ಮತ್ತೆ ಹೊರಟು ಷಡ್ಜಕ್ಕೆ ಬಂದು ಸೇರುವುದು ಇವೇ ಅದರ ವಿಷಯ. ಅಮೂರ್ತ ಶಿಲ್ಪಿ ಕಲ್ಲಿನಲ್ಲಿ, ಲೋಹದಲ್ಲಿ ಮಾಡುವುದೂ ಇದನ್ನೇ. ಸ್ವರದ ಜಾಗದಲ್ಲಿ ಬಾಗು, ಅಂಚು, ತೂಕ, ಬೆಳಕು ಇರುತ್ತವೆ.

ಕಳೆಯುವುದೂ ಒಂದು ಕೆಲಸ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬನ್ನಿ. ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ಮಾಡಿಸಿದ ಬಾಹುಬಲಿಯ ಮೂರ್ತಿ ಸುಮಾರು 57 ಅಡಿ ಎತ್ತರದ ಏಕಶಿಲೆ. ಇದು ಮನುಷ್ಯರೂಪವೇ, ಸಂದೇಹವಿಲ್ಲ. ಆದರೆ ಶಿಲ್ಪಿ ಎಷ್ಟೊಂದನ್ನು ಬಿಟ್ಟಿದ್ದಾನೆ, ಗಮನಿಸಿ. ಬಟ್ಟೆಯಿಲ್ಲ, ಒಡವೆಯಿಲ್ಲ, ಆಯುಧವಿಲ್ಲ. ಮಾಂಸಖಂಡಗಳ ಉಬ್ಬುತಗ್ಗು, ಪಕ್ಕೆಲುಬಿನ ಗೆರೆ ಇವನ್ನು ಎತ್ತಿ ತೋರಿಸುವ ಆಸೆಗೆ ಅವನು ಒಳಗಾಗಿಲ್ಲ. ಮೈಯ ಉದ್ದಕ್ಕೂ ಬೆಳಕು ಎಲ್ಲೂ ಎಡವದೆ ಜಾರುತ್ತದೆ. ಸೂಕ್ಷ್ಮ ಕೆತ್ತನೆಯನ್ನು ಗುಂಗುರು ಕೂದಲಿಗೆ, ಮುಖಕ್ಕೆ, ಕಾಲನ್ನು ಸುತ್ತಿದ ಬಳ್ಳಿಗೆ, ಹುತ್ತಕ್ಕೆ ಮಾತ್ರ ಮೀಸಲಿಟ್ಟಿದ್ದಾನೆ. ಎಲ್ಲವನ್ನೂ ತ್ಯಜಿಸಿ ನಿಂತವನನ್ನು ತೋರಿಸಲು ಶಿಲ್ಪಿಯೂ ತ್ಯಾಗ ಮಾಡಬೇಕಾಯಿತು. ಹೀಗೆ ಕಳೆಯುತ್ತ ಹೋಗುವ ದಾರಿಯಲ್ಲೇ ಇನ್ನಷ್ಟು ದೂರ ನಡೆದರೆ ಅಮೂರ್ತ ಶಿಲ್ಪ ಸಿಗುತ್ತದೆ.

ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಇನ್ನೂ ಸ್ಪಷ್ಟವಾದ ಪಾಠವಿದೆ. ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿರುವ ಈ ಊರಿನಲ್ಲಿ ಹೊಯ್ಸಳರ ದಂಡನಾಯಕ ಬೊಮ್ಮಣ್ಣ ಎರಡು ದೇವಾಲಯ ಕಟ್ಟಿಸಿದ. 1246ರ ಲಕ್ಷ್ಮೀನರಸಿಂಹ ದೇವಾಲಯ ಒಂದು. 1249ರ ಸದಾಶಿವ ದೇವಾಲಯ ಇನ್ನೊಂದು. ಮೊದಲನೆಯದರ ಗೋಡೆಯ ತುಂಬ ದೇವತೆಗಳು, ನರ್ತಕಿಯರು, ಆನೆ, ಕುದುರೆ, ಬಳ್ಳಿ. ದಕ್ಷಿಣದ ಕಡೆಯ ಮೂರ್ತಿಗಳನ್ನು ಬೈಚೋಜನೂ ಉತ್ತರದ ಕಡೆಯವನ್ನು ಮಲ್ಲಿತಮ್ಮನೂ ಕೆತ್ತಿದರು. ಎರಡನೆಯ ದೇವಾಲಯದಲ್ಲಿ ನಿಮ್ಮ ಕಣ್ಣನ್ನು ಹಿಡಿಯುವುದು ಮೂರ್ತಿಗಳಲ್ಲ, ಮೂಲೆಗಳು. ನಕ್ಷತ್ರಾಕಾರದ ತಳವಿನ್ಯಾಸದ ಮೊನೆಗಳು ಗೋಡೆಯಲ್ಲಿ ಏರಿ, ಶಿಖರದಲ್ಲೂ ಹಾಗೆಯೇ ಮುಂದುವರಿಯುತ್ತವೆ. ಬಿಸಿಲು ಬಿದ್ದಾಗ ಬೆಳಕು, ನೆರಳು, ಬೆಳಕು, ನೆರಳು ಎಂದು ತಾಳ ಹಾಕಿದಂತೆ ಕಾಣುತ್ತದೆ. ಕಟ್ಟಿಸಿದವನು ಒಬ್ಬನೇ, ಊರು ಒಂದೇ, ಅಂತರ ಮೂರೇ ವರ್ಷ. ಒಂದು ಕಥೆ ಹೇಳುತ್ತದೆ, ಇನ್ನೊಂದು ರೇಖಾಗಣಿತವನ್ನೇ ಹಾಡಾಗಿಸುತ್ತದೆ. ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದ (1114) ಮೆಟ್ಟಿಲು ಮೆಟ್ಟಿಲಾಗಿ ಏರುವ ಗೋಪುರಗಳನ್ನೂ ಇದೇ ದೃಷ್ಟಿಯಿಂದ ನೋಡಬಹುದು.

ಈ ನಕ್ಷತ್ರವನ್ನು ನೀವೇ ಬರೆಯಬಹುದು. ಒಂದು ಚೌಕ ಬರೆಯಿರಿ. ಅದರ ಕೇಂದ್ರವನ್ನು ಕದಲಿಸದೆ ಚೌಕವನ್ನು ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಿ ಮತ್ತೆ ಬರೆಯಿರಿ. ಹೀಗೆ ಒಟ್ಟು ನಾಲ್ಕು ಚೌಕಗಳಾದಾಗ ಹದಿನಾರು ಮೊನೆಗಳ ನಕ್ಷತ್ರ ಮೂಡುತ್ತದೆ. ಬೇಕಾದದ್ದು ಹಗ್ಗ, ಗೂಟ ಮತ್ತು ತಿರುಗಿಸುವ ಒಂದು ಯೋಚನೆ ಮಾತ್ರ.

ನದಿಯ ಕೈಕೆಲಸ

ಹೊಳೆನರಸೀಪುರದಲ್ಲಿ ಹೇಮಾವತಿಯ ದಡಕ್ಕೆ ಹೋದಾಗ ಒಂದು ಉರುಟುಕಲ್ಲನ್ನು ಎತ್ತಿಕೊಳ್ಳಿ. ನೀರು ಅದನ್ನು ಉರುಳಿಸಿ, ಮರಳಿನಿಂದ ಉಜ್ಜಿ, ಚೂಪಾದುದನ್ನೆಲ್ಲ ಸವೆಸಿದೆ. ಮೆದುವಾದ ಭಾಗ ಬೇಗ ಸವೆದು ಗಟ್ಟಿಯಾದ ಭಾಗ ಉಳಿದಿದೆ. ಅಂಗೈಯಲ್ಲಿ ಹಿಡಿದು ಹೆಬ್ಬೆರಳು ಆಡಿಸಿದರೆ ಹಿತವೆನಿಸುತ್ತದೆ. ಏಕೆ ಹಿತವೆಂದು ನೀವು ಕೇಳುವುದಿಲ್ಲ, ಅದು ಏನನ್ನು ಹೋಲುತ್ತದೆಂದೂ ಕೇಳುವುದಿಲ್ಲ. ಇಂಗ್ಲೆಂಡಿನ ಪ್ರಸಿದ್ಧ ಶಿಲ್ಪಿ ಹೆನ್ರಿ ಮೂರ್ (1898–1986) ಇಂಥ ಉರುಟುಕಲ್ಲು, ಮೂಳೆ, ಚಿಪ್ಪುಗಳನ್ನು ಆಯ್ದು ತಂದು ತಮ್ಮ ಕೆಲಸದ ಕೋಣೆಯಲ್ಲಿ ಜೋಡಿಸಿಟ್ಟುಕೊಳ್ಳುತ್ತಿದ್ದರು. ಹೊಸ ರೂಪಗಳು ಅವರಿಗೆ ಅಲ್ಲಿಂದಲೇ ಹೊಳೆಯುತ್ತಿದ್ದವು.

ನ್ಯಾಯಾಲಯದ ಮೆಟ್ಟಿಲೇರಿದ ಹಕ್ಕಿ

ಹೋಲಿಕೆ ಬಿಟ್ಟ ರೂಪ ಕಲೆಯೇ ಅಲ್ಲವೇ ಎಂಬ ಪ್ರಶ್ನೆ ಒಮ್ಮೆ ನ್ಯಾಯಾಲಯದಲ್ಲೇ ತೀರ್ಮಾನವಾಗಬೇಕಾಯಿತು. ರುಮೇನಿಯಾದ ಹಳ್ಳಿಯೊಂದರಲ್ಲಿ 1876ರಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಬಾಳಿದ ಕಾನ್‌ಸ್ಟಾಂಟಿನ್ ಬ್ರಾಂಕೂಸಿ ಆಧುನಿಕ ಶಿಲ್ಪದ ಹಿರಿಯ. ಅವರ ‘ಆಕಾಶದಲ್ಲಿ ಹಕ್ಕಿ’ ಎಂಬ ಕಂಚಿನ ಕೃತಿಗೆ ರೆಕ್ಕೆಯಿಲ್ಲ, ಕೊಕ್ಕಿಲ್ಲ, ಪುಕ್ಕವಿಲ್ಲ. ಕೆಳಗೆ ಸಣ್ಣಗಾಗಿ, ನಡುವೆ ತುಸು ಉಬ್ಬಿ, ಮೇಲಕ್ಕೆ ನೀಳವಾಗಿ ಚಿಮ್ಮುವ ಹೊಳೆಯುವ ಒಂದೇ ರೂಪ. ಅವರು ತೋರಿಸಬೇಕೆಂದಿದ್ದುದು ಹಕ್ಕಿಯ ಮೈಯನ್ನಲ್ಲ, ಹಾರಾಟವನ್ನು.

1926ರಲ್ಲಿ ಅದು ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿಳಿಯಿತು. ಕಲಾಕೃತಿಗೆ ಅಲ್ಲಿ ಸುಂಕವಿರಲಿಲ್ಲ. ಸುಂಕದ ಅಧಿಕಾರಿಗಳು ಅದನ್ನು ನೋಡಿ, ಇದು ಕಲೆಯಲ್ಲವೆಂದು ತೀರ್ಮಾನಿಸಿ, ಅಡಿಗೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನಿನ ಪಟ್ಟಿಗೆ ಸೇರಿಸಿ ಶೇಕಡಾ 40ರಷ್ಟು ಸುಂಕ ಹಾಕಿದರು! ಮೊಕದ್ದಮೆ ನಡೆಯಿತು. ಇದನ್ನು ಕಾಡಿನಲ್ಲಿ ಕಂಡಿದ್ದರೆ ಹಕ್ಕಿಯೆಂದು ಗುಂಡು ಹಾರಿಸುತ್ತಿದ್ದಿರಾ ಎಂದು ಸಾಕ್ಷಿಯನ್ನು ಕೇಳಿದರು. ಇಲ್ಲ ಎಂಬ ಉತ್ತರ ಬಂತು. 1928ರಲ್ಲಿ ತೀರ್ಪು ಹೊರಬಿತ್ತು. ನಿಸರ್ಗದ ವಸ್ತುವನ್ನು ಅನುಕರಿಸಿದರೆ ಮಾತ್ರ ಶಿಲ್ಪ ಎಂಬ ಹಳೆಯ ವ್ಯಾಖ್ಯೆ ಸಾಲದು, ಹೊಸ ಪಂಥವೊಂದು ಬೆಳೆದಿದೆ, ಇದು ಕಲಾಕೃತಿಯೇ ಎಂದು ನ್ಯಾಯಾಧೀಶರು ಒಪ್ಪಿಕೊಂಡರು. ನ್ಯಾಯಾಧೀಶರಿಗೆ ಅದು ಇಷ್ಟವಾಯಿತೋ ಇಲ್ಲವೋ ಮುಖ್ಯವಲ್ಲ. ತಮ್ಮ ರುಚಿಯನ್ನು ಪಕ್ಕಕ್ಕಿಟ್ಟು ನೋಡುವ ತಾಳ್ಮೆ ಅವರಿಗಿತ್ತು ಎಂಬುದು ಮುಖ್ಯ.

ಬ್ರಾಂಕೂಸಿಗೆ ಭಾರತದ ನಂಟೂ ಇದೆ. ಇಂದೂರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಅವರ ಮೂರು ಹಕ್ಕಿಗಳನ್ನು ಕೊಂಡುಕೊಂಡರು; ಅವನ್ನಿಡಲು ಧ್ಯಾನಮಂದಿರವೊಂದನ್ನು ರೂಪಿಸಲು ಅವರನ್ನು ಕರೆಸಿಕೊಂಡರು. 1937–38ರಲ್ಲಿ ಬ್ರಾಂಕೂಸಿ ಭಾರತಕ್ಕೆ ಬಂದರೂ ಆ ಮಂದಿರ ಏಳಲಿಲ್ಲ. ಬ್ರಾಂಕೂಸಿ 1957ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಕಣ್ಣಪುರದಿಂದ ಬೆಂಗಳೂರಿಗೆ

ಈಗ ನಮ್ಮ ನಾಡಿಗೆ ಮರಳೋಣ. ಬಾಲನ್ ನಂಬಿಯಾರ್ ಹುಟ್ಟಿದ್ದು 1937ರ ನವೆಂಬರ್ 12ರಂದು, ಕೇರಳದ ಕಣ್ಣೂರಿನ ಬಳಿಯ ಕಣ್ಣಪುರದಲ್ಲಿ. ಮದ್ರಾಸಿನ ಸರ್ಕಾರಿ ಕಲೆ ಮತ್ತು ಕರಕುಶಲ ಕಾಲೇಜಿನಲ್ಲಿ ಶಿಲ್ಪಕಲೆ ಕಲಿತು 1971ರಲ್ಲಿ ಡಿಪ್ಲೊಮಾ ಪಡೆದರು. ಆಮೇಲೆ ಬೆಂಗಳೂರನ್ನೇ ಮನೆಯಾಗಿಯೂ ಕಾರ್ಯಕ್ಷೇತ್ರವಾಗಿಯೂ ಮಾಡಿಕೊಂಡರು. 1982ರಲ್ಲಿ ಇಟಲಿಯ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿ ಅವರ ಕೃತಿಗಳು ಭಾರತವನ್ನು ಪ್ರತಿನಿಧಿಸಿದವು. ಜಗತ್ತಿನ ಕಲಾಪ್ರದರ್ಶನಗಳಲ್ಲಿ ಅದಕ್ಕೆ ಬಹು ಹಿರಿಯ ಸ್ಥಾನ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಮುಂದೆ ಅವರ ಜೀವಮಾನದ ಕೃತಿಗಳ ಸಿಂಹಾವಲೋಕನ ಪ್ರದರ್ಶನವನ್ನು ನಡೆಸಿತು.

ಅವರು ಕಲಿತ ಕಾಲ ಮುಖ್ಯವಾದದ್ದು. 1960ರ ದಶಕದ ಮದ್ರಾಸ್ ಕಾಲೇಜಿನಲ್ಲಿ ಒಂದು ಪ್ರಶ್ನೆ ಎಲ್ಲರನ್ನೂ ಕಾಡುತ್ತಿತ್ತು. ಆಧುನಿಕ ಕಲೆ ಎಂದರೆ ಪ್ಯಾರಿಸ್ಸನ್ನು ನೋಡಿ ಬರೆಯುವುದೇ? ನಮ್ಮ ನೆಲದಿಂದಲೇ ಆಧುನಿಕವಾದದ್ದು ಬರಲಾರದೇ? ಆ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ 1966ರಲ್ಲಿ ಮದ್ರಾಸಿನ ಬಳಿ ಚೋಳಮಂಡಲ ಕಲಾವಿದರ ಗ್ರಾಮವನ್ನು ಕಟ್ಟಿದ್ದರು. ಶಿಲ್ಪಿ ಎಸ್. ಧನಪಾಲ್ ಅಲ್ಲಿ ಶಿಲ್ಪಕಲೆ ಕಲಿಸುತ್ತಿದ್ದರು. ಈ ಪ್ರಶ್ನೆಗೆ ಒಬ್ಬೊಬ್ಬರೂ ಒಂದೊಂದು ಉತ್ತರ ಹುಡುಕಿಕೊಂಡರು. ನಂಬಿಯಾರ್ ಅವರಿಗೆ ಉತ್ತರ ಸಿಕ್ಕಿದ್ದು ಹುಟ್ಟೂರಿನ ಆಚರಣೆಗಳಲ್ಲಿ.

ಕಣ್ಣೂರು ತೆಯ್ಯಂನ ಸೀಮೆ. ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡೆ ಹೋದವರು ಭೂತಕೋಲವನ್ನು ನೋಡಿರಬಹುದು. ತೆಯ್ಯಂ ಅದರ ದಾಯಾದಿ. ಎರಡರಲ್ಲೂ ಮನುಷ್ಯನೊಬ್ಬ ಬಣ್ಣ ಬಳಿದುಕೊಂಡು, ತೆಂಗಿನ ಗರಿ, ಬಟ್ಟೆ, ಮರ, ಲೋಹಗಳ ಮುಡಿ, ಅಣಿ ಕಟ್ಟಿಕೊಂಡು ದೈವವಾಗುತ್ತಾನೆ. ನಂಬಿಯಾರ್ ಕ್ಯಾಮೆರಾ ಹಿಡಿದು ದಶಕಗಳ ಕಾಲ ಕೇರಳ ಮತ್ತು ತುಳುನಾಡಿನ ಈ ಆಚರಣೆಗಳ ಬೆನ್ನುಹತ್ತಿದರು. 1980ರ ದಶಕದ ಆರಂಭದಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ತೆಯ್ಯಂ ಮತ್ತು ಭೂತಾರಾಧನೆಯ ಬಗ್ಗೆ ಬರೆದರು. ಶಿಲ್ಪಿಯಾಗಿದ್ದುಕೊಂಡೇ ಸಂಶೋಧಕರೂ ಆದರು.

ಇಲ್ಲಿ ಒಂದು ಅಪಾಯವಿತ್ತು. ತೆಯ್ಯಂನ ಬಣ್ಣದ ಮುಖವನ್ನೇ ಉಕ್ಕಿನಲ್ಲಿ ನಕಲು ಮಾಡಿದ್ದರೆ ಅದು ನೆನಪಿಗೆ ಕೊಳ್ಳುವ ಗೊಂಬೆಯ ದೊಡ್ಡ ರೂಪವಾಗುತ್ತಿತ್ತು. ನಂಬಿಯಾರ್ ಆ ಕಡೆಗೆ ಹೋಗಲಿಲ್ಲ. ಆಚರಣೆಯ ಒಳಗಿರುವ ಮೂಲರೂಪಗಳನ್ನು ಆಯ್ದುಕೊಂಡರು. ಅವುಗಳಲ್ಲಿ ಎರಡನ್ನು ಇಲ್ಲಿ ನೋಡೋಣ.

ಶಂಖ ಮತ್ತು ಕನ್ನಡಿ

ಮೊದಲನೆಯದು ಬಲಮುರಿ ಶಂಖ. ನೀವು ಕಾಣುವ ಶಂಖಗಳೆಲ್ಲ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಸುರುಳಿ ಸುತ್ತಿರುತ್ತವೆ. ಎದುರು ದಿಕ್ಕಿಗೆ ಸುತ್ತಿದ ಶಂಖ ಬಹಳ ಅಪರೂಪ, ಅದೇ ಬಲಮುರಿ. ಜೀವವಿಜ್ಞಾನಿಗಳು ಶಂಖದ ತುದಿಯನ್ನು ಮೇಲೆ ಮಾಡಿ ಹಿಡಿದು, ಬಾಯಿ ಯಾವ ಕಡೆ ಕಾಣುತ್ತದೆಂದು ನೋಡುತ್ತಾರೆ. ನಮ್ಮ ಸಂಪ್ರದಾಯದಲ್ಲಿ ತುದಿಯನ್ನು ಕೆಳಗೆ ಮಾಡುತ್ತಾರೆ. ಆದ್ದರಿಂದ ನಾವು ಬಲಮುರಿ ಎನ್ನುವುದು ಅವರ ಲೆಕ್ಕದಲ್ಲಿ ಎಡಸುರುಳಿ. ವಸ್ತು ಒಂದೇ, ಹಿಡಿಯುವ ರೀತಿ ಬೇರೆ. ಶಂಖ ಬೆಳೆಯುವ ರೀತಿಯೂ ಸ್ವಾರಸ್ಯಕರ. ಒಳಗಿನ ಜೀವಿ ಬೆಳೆದಂತೆ ಚಿಪ್ಪಿನ ಬಾಯಂಚಿಗೆ ಹೊಸ ಪದರ ಸೇರುತ್ತ ಹೋಗುತ್ತದೆ. ಗಾತ್ರ ಹಿಗ್ಗಿದರೂ ಆಕಾರದ ಪ್ರಮಾಣ ಬದಲಾಗುವುದಿಲ್ಲ.

ಎರಡನೆಯದು ‘ವಾಲ್‌ಕಣ್ಣಾಡಿ’, ಅಂದರೆ ಬಾಲದಂಥ ಹಿಡಿಯುಳ್ಳ ಲೋಹದ ಕನ್ನಡಿ. ಕೇರಳದ ಪೂಜೆ, ಮಂಗಳಕಾರ್ಯಗಳಲ್ಲಿ ಅದಕ್ಕೆ ಸ್ಥಾನವಿದೆ. ತೆಯ್ಯಂ ಕಟ್ಟುವವನು ವೇಷ ಮುಗಿದ ಮೇಲೆ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಿಕೊಳ್ಳುತ್ತಾನೆ. ನೋಡುವವನು ಮನುಷ್ಯ, ಕಾಣುವುದು ದೈವ. ಆ ಕ್ಷಣದಿಂದ ಅವನು ಅವನಲ್ಲ. ನಂಬಿಯಾರ್ ಈ ಕನ್ನಡಿಯ ದುಂಡನ್ನೂ ಹಿಡಿಯ ನೀಳವನ್ನೂ ಶಂಖದ ಸುರುಳಿಯನ್ನೂ ಮತ್ತೆ ಮತ್ತೆ ತಮ್ಮ ಕೃತಿಗಳಲ್ಲಿ ಶೋಧಿಸಿದರು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಸಂಬಂಧವನ್ನು ಗುರುತಿಸಬಹುದು. ಬಲಮುರಿ ಶಂಖ ಸಾಮಾನ್ಯ ಶಂಖದ ಕನ್ನಡಿ ಬಿಂಬ. ಎಡಗೈ ಬಲಗೈಗಳಂತೆ ಇವೆರಡೂ ಎಲ್ಲದರಲ್ಲೂ ಸಮ, ಆದರೂ ಒಂದನ್ನು ಎಷ್ಟೇ ತಿರುಗಿಸಿದರೂ ಇನ್ನೊಂದರ ಮೇಲೆ ಸರಿಯಾಗಿ ಕೂರಿಸಲಾಗುವುದಿಲ್ಲ. ಒಂದನ್ನು ಇನ್ನೊಂದಾಗಿಸುವುದು ಕನ್ನಡಿ ಮಾತ್ರ.

ಉಕ್ಕನ್ನು ಬಾಗಿಸುವುದು

ನಂಬಿಯಾರ್ ಮಣ್ಣು, ಕಾಂಕ್ರೀಟು, ಫೈಬರ್ ಗ್ಲಾಸ್, ಕಂಚು, ಮೆದು ಉಕ್ಕು ಹೀಗೆ ಅನೇಕ ಮಾಧ್ಯಮಗಳಲ್ಲಿ ದುಡಿದವರು. ಅವರ ಬಯಲು ಶಿಲ್ಪಗಳಲ್ಲಿ ಎದ್ದು ಕಾಣುವುದು ಸ್ಟೈನ್‌ಲೆಸ್ ಸ್ಟೀಲ್. ನಮ್ಮ ಅಡಿಗೆಮನೆಯ ತಟ್ಟೆ ಲೋಟಗಳ ಲೋಹವೇ ಅದು. ಕಬ್ಬಿಣಕ್ಕೆ ಸುಮಾರು ಹತ್ತೂವರೆ ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಕ್ರೋಮಿಯಂ ಸೇರಿಸಿದರೆ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಪೊರೆಯೊಂದು ತಾನಾಗಿ ಹಬ್ಬುತ್ತದೆ. ಅದರ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟು. ಗೀರಿದರೆ ಗಾಳಿಯ ಆಮ್ಲಜನಕದಿಂದ ಪೊರೆ ಮತ್ತೆ ಮೂಡುತ್ತದೆ. ಮಳೆಬಿಸಿಲಿನಲ್ಲಿ ನಿಲ್ಲಬೇಕಾದ ಶಿಲ್ಪಕ್ಕೆ ಇದಕ್ಕಿಂತ ಒಳ್ಳೆಯ ಕಾವಲು ಯಾವುದು? ಹೊಯ್ಸಳರ ಶಿಲ್ಪಿ ಬಳಪದ ಕಲ್ಲನ್ನು ಆರಿಸಿಕೊಂಡದ್ದೂ ಇಂಥ ತಿಳಿವಳಿಕೆಯಿಂದಲೇ. ಗಣಿಯಿಂದ ತೆಗೆದಾಗ ಅದು ಮೆದು, ಗಾಳಿಗೆ ಒಡ್ಡಿದಂತೆ ಬಿರುಸು. ಅದಕ್ಕೇ ಒಡವೆಯ ಕುಸುರಿ ಸಾಧ್ಯವಾಯಿತು.

ಸ್ಟೀಲಿಗೆ ಇನ್ನೊಂದು ಗುಣವಿದೆ. ಉಜ್ಜಿ ಮೆರುಗು ಕೊಟ್ಟರೆ ಅದೇ ಕನ್ನಡಿ. ಶಿಲ್ಪದ ಬಾಗಿದ ಮೈಮೇಲೆ ಮೋಡ, ಮರ, ನೋಡುವವರ ಮುಖ ಎಲ್ಲವೂ ಬಾಗಿ ಮೂಡುತ್ತವೆ. ನೀವು ಒಂದು ಹೆಜ್ಜೆ ಸರಿದರೆ ಶಿಲ್ಪವೂ ಬದಲಾಗುತ್ತದೆ. ಕನ್ನಡಿಯನ್ನೇ ವಿಷಯವಾಗಿ ಆರಿಸಿಕೊಂಡ ಶಿಲ್ಪಿಗೆ ಈ ಲೋಹ ಹೇಳಿಮಾಡಿಸಿದಂತಿದೆ.

ಆದರೆ ತಗಡನ್ನು ಬಾಗಿಸುವುದರಲ್ಲಿ ಗಣಿತದ ಒಂದು ಕಟ್ಟುಪಾಡಿದೆ. ಒಂದು ಹಾಳೆ ತೆಗೆದುಕೊಳ್ಳಿ. ಅದನ್ನು ಸುತ್ತಿ ಕೊಳವೆ ಮಾಡಬಹುದು. ಕಡಲೆಕಾಯಿ ಪೊಟ್ಟಣದಂತೆ ಶಂಕು ಮಾಡಬಹುದು. ಆದರೆ ಸುಕ್ಕು ಬೀಳದಂತೆ, ಹರಿಯದಂತೆ ಒಂದು ಚೆಂಡಿಗೆ ಸುತ್ತಿ ನೋಡಿ! ಆಗುವುದೇ ಇಲ್ಲ. ಉಕ್ಕಿನ ತಗಡಿಗೂ ಇದೇ ನಿಯಮ. ಕೊಳವೆ, ಶಂಕು ಬೇಕಾದರೆ ರೋಲಿಂಗ್ ಯಂತ್ರ ಸಾಕು. ಎರಡು ದಿಕ್ಕಿಗೂ ಬಾಗಿದ ಮೈ ಬೇಕಾದರೆ ಲೋಹವನ್ನು ಬಡಿದು ಹಿಗ್ಗಿಸಬೇಕು ಅಥವಾ ಸಣ್ಣ ತುಂಡುಗಳಾಗಿ ಕತ್ತರಿಸಿ ವೆಲ್ಡಿಂಗ್ ಮಾಡಿ ಬೆಸುಗೆಯ ಗುರುತು ಅಳಿಯುವಂತೆ ಉಜ್ಜಬೇಕು. ಬೆಸುಗೆಯ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಹೊರಗಿನಿಂದ ಸರಳವಾಗಿ ಕಾಣುವ ರೂಪದ ಹಿಂದೆ ನಕಾಶೆ, ಕಾಗದದ ಮಾದರಿ, ಕಾರ್ಖಾನೆಯ ಕುಶಲಕರ್ಮಿಗಳ ಬೆವರು ಎಲ್ಲವೂ ಇರುತ್ತವೆ.

ಬೆಂಕಿಯಲ್ಲಿ ಬಣ್ಣ

ನಂಬಿಯಾರ್ ಎನಾಮೆಲ್ ಕಲಾವಿದರೂ ಹೌದು. ಇಟಲಿಯ ಪಾದುವಾ ನಗರದ ಪಾವೊಲೊ ದೆ ಪೋಲಿ (1905–1996) ಎಂಬ ಹೆಸರಾಂತ ಎನಾಮೆಲ್ ಕಲಾವಿದರು ಅವರಿಗೆ ಮಾವ. ಆ ವಿದ್ಯೆ ಅವರಿಗೆ ಬಂದದ್ದು ಅಲ್ಲಿಂದ. ಗಾಜಿನ ಪುಡಿಯನ್ನು ತಾಮ್ರದ ಅಥವಾ ಬೆಳ್ಳಿಯ ತಗಡಿನ ಮೇಲೆ ಹರಡಿ, ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಇಟ್ಟರೆ ಪುಡಿ ಕರಗಿ ಲೋಹಕ್ಕೆ ಅಂಟಿ ಗಾಜಿನ ಪದರವಾಗುತ್ತದೆ. ಬಣ್ಣ ಕೊಡುವುದು ಲೋಹದ ಆಕ್ಸೈಡುಗಳು: ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಹಸಿರು. ತಣ್ಣಗಾಗುವಾಗ ಲೋಹ ಹೆಚ್ಚು ಕುಗ್ಗುತ್ತದೆ, ಗಾಜು ಕಡಿಮೆ. ಹಾಗಾಗಿ ತಗಡು ಸೊಟ್ಟಗಾಗಬಹುದು, ಗಾಜು ಸಿಡಿಯಬಹುದು. ಇದನ್ನು ತಡೆಯಲು ಹಿಂಬದಿಗೂ ಎನಾಮೆಲ್ ಪದರ ಕೊಡುತ್ತಾರೆ. ಯಾರೂ ನೋಡದ ಆ ಹಿಂಬದಿಯೇ ಎದುರಿನ ಚಿತ್ರವನ್ನು ಕಾಪಾಡುತ್ತದೆ.

‘ಇದನ್ನು ಯಾರು ಬೇಕಾದರೂ ಮಾಡಬಹುದಲ್ಲ?’

ಅಮೂರ್ತ ಕಲೆಯ ಬಗ್ಗೆ ಕೇಳಿಬರುವ ದೊಡ್ಡ ಆಕ್ಷೇಪ ಇದು. ಆಕ್ಷೇಪದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಬೇಡಿ. ಅಮೂರ್ತವೆಂಬ ಹೆಸರಿನಲ್ಲಿ ಸೋಮಾರಿ ಕೆಲಸವೂ ಬರುತ್ತದೆ, ಹಾಗೆಯೇ ಹೋಲಿಕೆಯ ಹೆಸರಿನಲ್ಲಿ ಜೀವವಿಲ್ಲದ ಪ್ರತಿಮೆಗಳೂ ಬರುತ್ತವೆ. ಜೊಳ್ಳು ಕಾಳು ಬೇರ್ಪಡಿಸುವ ಮೊರ ನೋಡುವವರ ಕೈಯಲ್ಲಿರಬೇಕು. ಮೂರು ಪ್ರಶ್ನೆಗಳು ನಿಮಗೆ ನೆರವಾದಾವು.

ಒಂದು: ಸುತ್ತು ಬನ್ನಿ. ಎಲ್ಲ ಕಡೆಯಿಂದಲೂ ರೂಪ ನಿಲ್ಲುತ್ತದೆಯೇ, ಅಥವಾ ಮುಂದಿನಿಂದ ಮಾತ್ರ ಚೆಂದವೇ? ಎರಡು: ಇದರಲ್ಲಿ ಒಂದು ಭಾಗವನ್ನು ತೆಗೆದರೆ ಕೊರತೆ ಕಾಣುತ್ತದೆಯೇ? ತೆಗೆದರೂ ಏನೂ ಆಗುವುದಿಲ್ಲವೆಂದರೆ ಅದು ಅಲ್ಲಿರಬೇಕಾಗಿರಲಿಲ್ಲ. ಮೂರು: ವಸ್ತುವಿನ ಗುಣವನ್ನು ಶಿಲ್ಪಿ ಬಲ್ಲವನೇ? ಕಲ್ಲು ಕಲ್ಲಿನಂತೆ ಭಾರವಾಗಿ, ಉಕ್ಕು ಉಕ್ಕಿನಂತೆ ಬಿಗಿಯಾಗಿ ಕಾಣುತ್ತಿದೆಯೇ? ಇಷ್ಟಾದ ಮೇಲೆ, ಇಷ್ಟವಾಯಿತೇ ಇಲ್ಲವೇ ಎಂಬ ನಿಮ್ಮ ತೀರ್ಮಾನಕ್ಕೆ ನೀವೇ ಒಡೆಯರು.

ಈ ತೀರ್ಮಾನ ಬರಿಯ ರುಚಿಯ ಮಾತಲ್ಲ. ನೋಡುವ ಕಣ್ಣಿಲ್ಲದ ಊರಿನಲ್ಲಿ ಬಯಲಿನ ಶಿಲ್ಪ ಭಿತ್ತಿಪತ್ರ ಅಂಟಿಸುವ ಹಲಗೆಯಾಗುತ್ತದೆ. ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತದೆ. ಕರುಗಲ್ಲು ರಸ್ತೆ ಅಗಲಿಸುವಾಗ ಕಿತ್ತು ಬದಿಗೆ ಬೀಳುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವಕ್ಕೆ ಕಾವಲುಗಾರರಿದ್ದಾರೆ. ಪಟ್ಟಿಗೆ ಸೇರದ ಕಲ್ಲುಗಳಿಗೆ ನೀವೇ ಕಾವಲು.

ಕಲಿಯಬೇಕೆನ್ನುವವರಿಗೆ

ಮಣ್ಣು, ಮರ, ತಂತಿ ಕಂಡರೆ ಕೈ ತುರಿಸುವ ಹುಡುಗ ಹುಡುಗಿಯರು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಅವರಿಗೆ ದಾರಿಯಿದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಮುಂತಾದ ಕಡೆ ಶಿಲ್ಪಕಲೆಯನ್ನು ಪದವಿ ಮಟ್ಟದಲ್ಲಿ ಕಲಿಸುತ್ತಾರೆ. ಆದಾಯ ತಿಂಗಳು ತಿಂಗಳು ಬರುವ ವೃತ್ತಿ ಇದಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು. ಬೆಸುಗೆ, ಎರಕ, ಅಚ್ಚು ತೆಗೆಯುವುದು, ನಕಾಶೆ ಬರೆಯುವುದು ಇವನ್ನು ಚೆನ್ನಾಗಿ ಕಲಿತವರಿಗೆ ಕೈಕಸುಬು ಬೆಂಬಲಕ್ಕಿರುತ್ತದೆ. ವಿಜ್ಞಾನ, ಗಣಿತಗಳನ್ನು ಬಿಟ್ಟು ಓಡಿಬರುವವರಿಗೆ ಶಿಲ್ಪ ಆಶ್ರಯವಲ್ಲ ಎಂಬುದು ಮೇಲಿನ ಮಾತುಗಳಿಂದ ನಿಮಗೆ ಮನವರಿಕೆಯಾಗಿರಬಹುದು.

ಮಾಡಿ ನೋಡಿ

1. ಕೆರೆಯ ಜೇಡಿಮಣ್ಣಿನಿಂದ ಒಂದು ಹಕ್ಕಿ ಮಾಡಿ. ಅದರ ಕಣ್ಣನ್ನು ಅಳಿಸಿ. ಆಮೇಲೆ ಕಾಲು, ಕೊಕ್ಕು, ರೆಕ್ಕೆಯ ಗೆರೆ ಒಂದೊಂದಾಗಿ ತೆಗೆಯಿರಿ. ಇನ್ನು ತೆಗೆದರೆ ಬರಿಯ ಮಣ್ಣಿನುಂಡೆ ಎನ್ನಿಸುವ ಮೊದಲು ನಿಲ್ಲಿಸಿ. ಎಲ್ಲಿ ನಿಲ್ಲಬೇಕೆಂಬುದೇ ಶಿಲ್ಪಿಯ ಕಷ್ಟ.

2. ನಾಲ್ಕು ಚೌಕಗಳ ನಕ್ಷತ್ರವನ್ನು ರಟ್ಟಿನಲ್ಲಿ ಕತ್ತರಿಸಿ, ಒಂದಕ್ಕಿಂತ ಒಂದು ಚಿಕ್ಕದಾಗಿ ಹತ್ತು ಮಾಡಿ, ಒಂದರ ಮೇಲೊಂದು ಪೇರಿಸಿ. ಕಿಟಕಿಯ ಬಳಿ ಇಟ್ಟು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳನ್ನು ಗಮನಿಸಿ.

3. ಸ್ಟೀಲ್ ಚಮಚದ ಒಳಬದಿ ಮತ್ತು ಹೊರಬದಿಯಲ್ಲಿ ನಿಮ್ಮ ಮುಖ ನೋಡಿಕೊಳ್ಳಿ. ಬಿಂಬ ಎಲ್ಲಿ ತಲೆಕೆಳಗಾಗುತ್ತದೆ, ಏಕೆ? ಶಿಲ್ಪಿ ಈ ಗುಣವನ್ನು ಹೇಗೆ ಬಳಸಿಕೊಳ್ಳಬಹುದು?

ತರಗತಿಯಲ್ಲಿ ಚರ್ಚಿಸಲು

ನಿಮ್ಮ ಊರಿನಲ್ಲಿ ಹೋಲಿಕೆಯಿಲ್ಲದ, ಆದರೆ ಎಲ್ಲರೂ ಗೌರವಿಸುವ ರೂಪಗಳು ಯಾವುವು? ನುಗ್ಗೇಹಳ್ಳಿಯ ಎರಡು ದೇವಾಲಯಗಳಲ್ಲಿ ನಿಮಗೆ ಯಾವುದು ಹೆಚ್ಚು ಇಷ್ಟ, ಏಕೆ? ನೀವು ನ್ಯಾಯಾಧೀಶರಾಗಿದ್ದರೆ ಬ್ರಾಂಕೂಸಿಯ ಹಕ್ಕಿಗೆ ಸುಂಕ ಹಾಕುತ್ತಿದ್ದಿರಾ?

ಕೊನೆಯ ಪ್ರಶ್ನೆಗೆ ಹಾಕುತ್ತಿದ್ದೆ ಎಂದು ಉತ್ತರಿಸಿದರೂ ಚಿಂತೆಯಿಲ್ಲ. ಕಾರಣ ಕೊಡಿ. ಕಾರಣ ಕೊಡಲು ಇನ್ನೊಮ್ಮೆ ನೋಡಬೇಕಾಗುತ್ತದೆ. ಶಿಲ್ಪ ನಿಮ್ಮಿಂದ ಬಯಸುವುದು ಅಷ್ಟನ್ನೇ.